ಕರೆಂಟ್ ಹೋದ್ರೂ ನಿಲ್ಲದ ಪ್ರಾಕ್ಟೀಸು: ಗಿಟಾರ್, ಬಾಸ್ ಎರಡಕ್ಕೂ ಒಂದೇ ಪುಟ್ಟ ಪ್ರೊಸೆಸರ್

ಮಲ್ಟಿ ಎಫೆಕ್ಟ್ಸ್ ಪ್ರೊಸೆಸರ್, ಅಂದ್ರೆ ಗಿಟಾರಿನ ಸೌಂಡನ್ನ ಬೇರೆ ಬೇರೆ ತರ ಬದಲಾಯಿಸೋ ಪೆಟ್ಟಿಗೆ, ಅಂದ ಕೂಡ್ಲೆ ಎಲ್ರೂ ಕೇಳೋದು ಅದ್ರಲ್ಲಿ ಎಷ್ಟು ಸೌಂಡ್ ಇದೆ ಅಂತ. ನಾನು ಹೇಳೋದು ಬೇರೆ. ನಮ್ಮ ಕಡೆ, ಅಂದ್ರೆ ತೀರ್ಥಹಳ್ಳಿ, ಹೊಸನಗರ, ಸಾಗರ ಈ ಭಾಗದಲ್ಲಿ ಮನೇಲಿ ಕೂತು ಪ್ರಾಕ್ಟೀಸ್ ಮಾಡೋರಿಗೆ ಮೊದ್ಲು ಬೇಕಾಗಿರೋದು ಬ್ಯಾಟರಿ ಮೇಲೆ ಓಡೋದು, ಇಯರ್‌ಫೋನ್ ಹಾಕ್ಕೊಂಡು ಕೇಳಕ್ಕಾಗೋದು, ಮೊಬೈಲ್ ಸಿಕ್ಸಕ್ಕೆ ಒಂದು ಆಕ್ಸ್ ಇನ್ ಕಿಂಡಿ, ಆಮೇಲೆ ನುಡಿಸಿದ್ದನ್ನ ರೆಕಾರ್ಡ್ ಮಾಡಿ ತಿರುಗಿಸ್ತಾ ಇರೋ ಲೂಪರ್ರು, ಶ್ರುತಿ ನೋಡೋ ಟ್ಯೂನರ್ರು. ಇವು ಸರಿಯಾಗಿದ್ರೆ ಸೌಂಡ್ ವಿಷ್ಯ ನಿಧಾನಕ್ಕೆ ನೋಡ್ಕೋಬಹುದು.

ನನ್ನ ಹತ್ರ ಇರೋದು ಜೂಮ್ ಜಿ1ಎಕ್ಸ್ ಫೋರ್. ಗಿಟಾರ್‌ಗೆ ಅಂತ ಮಾಡಿದ್ದು, ಆದ್ರೆ ನಾನು ಬಾಸ್ ಗಿಟಾರ್ ಕೂಡ ಅದಕ್ಕೇ ಸಿಕ್ಸ್ತೀನಿ, ಯಾಕಂದ್ರೆ ಶಿವಮೊಗ್ಗದ ಕಡೆ ಸುಗಮ ಸಂಗೀತದ ಕಾರ್ಯಕ್ರಮ, ಗಣಪತಿ ಹಬ್ಬದ ಆರ್ಕೆಸ್ಟ್ರಾ ಅಂತ ಕರೆದಾಗ ಯಾವತ್ತು ಯಾವುದು ನುಡಿಸ್ಬೇಕಾಗುತ್ತೆ ಅಂತ ಹೇಳಕ್ಕಾಗಲ್ಲ, ಬಾಸ್‌ನೋರು ಬರ್ಲಿಲ್ಲ ಅಂದ್ರೆ ಬಾಸ್ ನನ್ ಕುತ್ತಿಗೆಗೆ. ನಾಲ್ಕು ಎಎ ಸೆಲ್ ಹಾಕಿದ್ರೆ ಆಲ್ಕಲೈನ್ ಆದ್ರೆ ಸುಮಾರು 18 ಗಂಟೆ ಬರುತ್ತೆ ಅಂತ ಕಂಪನಿ ಹೇಳುತ್ತೆ. ಸ್ಕ್ರೀನ್ ಲೈಟು ಉರೀತಾ ಇದ್ರೆ ಅಷ್ಟು ನಿರೀಕ್ಷೆ ಬೇಡ. ನಾನು ಚಾರ್ಜ್ ಮಾಡೋ ಸೆಲ್ಲೇ ಹಾಕೋದು, ಎರಡು ಸೆಟ್ ಇಟ್ಕೊಂಡಿದ್ದೀನಿ, ಒಂದು ಪೆಟ್ಟಿಗೇಲಿ ಒಂದು ಚಾರ್ಜರ್ರಲ್ಲಿ. ಯುಎಸ್‌ಬಿ ಕಿಂಡಿ ಇದೆ, ಪವರ್ ಬ್ಯಾಂಕಿಂದನೂ ಓಡುತ್ತೆ. ಜುಲೈ ತಿಂಗಳಲ್ಲಿ ಒಂದು ಮರ ಲೈನ್ ಮೇಲೆ ಬಿತ್ತು ಅಂದ್ರೆ ಮಳೆ ಬಿಡೋ ತನಕ ಲೈನ್‌ಮನ್ ಕಂಬ ಹತ್ತೋ ಹಾಗಿಲ್ಲ, ಅಂಥ ದಿನಗಳೇ ನನಗೆ ತೋಟದ ಕೆಲಸ ಇಲ್ದೆ ಪ್ರಾಕ್ಟೀಸಿಗೆ ಪುರುಸೊತ್ತು ಸಿಗೋ ದಿನಗಳು, ಹಂಗಾಗಿ ಕರೆಂಟಲ್ಲಿ ಓಡೋ ಆಂಪ್ (ಗಿಟಾರಿನ ಸ್ಪೀಕರ್ ಪೆಟ್ಟಿಗೆ) ನಂಬ್ಕೊಂಡಿದ್ರೆ ಮಳೆಗಾಲ ಪೂರ್ತಿ ಕೈ ಕಟ್ಟಿ ಕೂರ್ಬೇಕಾಗ್ತಿತ್ತು.

ಇದೇನು ಹೊಸ ಯೋಚನೆ ಅಲ್ಲ. ಬೋಸ್ಟನ್ ಅನ್ನೋ ಬ್ಯಾಂಡಿನ ಟಾಮ್ ಶೋಲ್ಜ್ 1982ರಲ್ಲೇ ರಾಕ್‌ಮ್ಯಾನ್ ಅಂತ ಸೊಂಟಕ್ಕೆ ಸಿಕ್ಸ್ಕೊಳ್ಳೋ ಹೆಡ್‌ಫೋನ್ ಆಂಪ್ ತಂದಿದ್ರು, ಅದ್ರಲ್ಲಿ ಡಿಸ್ಟಾರ್ಷನ್ (ರಾಕ್ ಹಾಡಿನ ಒರಟು ಸೌಂಡ್), ಕೋರಸ್, ಎಕೋ ಎಲ್ಲಾ ಇತ್ತು. ಜೂಮ್ ಕಂಪನಿಯ 9002 ಬಂದಿದ್ದು 1990ರ ಹೊತ್ತಿಗೆ, ಗಿಟಾರ್ ಪಟ್ಟಿಗೇ ಸಿಕ್ಸ್ಕೊಂಡು ನುಡಿಸ್ಬಹುದಾಗಿತ್ತು. ಆಂಪ್ ಇಲ್ದೆ, ಪಕ್ಕದ ರೂಮಿನೋರಿಗೆ ಕೇಳ್ದೆ ನುಡಿಸೋದು ಆವಾಗಿಂದ್ಲೂ ಜನಕ್ಕೆ ಬೇಕಾಗಿದ್ದೇ.

ಕರೆಂಟ್ ವಿಷಯದಲ್ಲೇ ಇನ್ನೊಂದು. ಕರೆಂಟ್ ಹೋಗಿ ಮನೆ ಯುಪಿಎಸ್ ಮೇಲೆ ಓಡುವಾಗ ಗಿಟಾರಲ್ಲಿ ಜುಂಯ್ ಅಂತ ಒಂದು ಶಬ್ದ ಬರುತ್ತಲ್ಲ, ಅದು ಗಿಟಾರ್ ಕೆಟ್ಟಿದ್ದಲ್ಲ. ಹಳೇ ತರದ ಸ್ಕ್ವೇರ್ ವೇವ್ ಇನ್ವರ್ಟರ್‌ಗಳು ಶುದ್ಧ ಅಲೆ ಕೊಡಲ್ಲ, ಅದ್ರಿಂದ ಮನೆ ವೈರಿಂಗ್ ಸುತ್ತ ಎದ್ದ ಗಲಾಟೆನ ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್ (ತಂತಿ ಕೆಳಗೆ ಇರೋ, ಒಂದೇ ಸುರುಳಿಯ ಅಯಸ್ಕಾಂತ) ಹಿಡ್ಕೊಳ್ಳುತ್ತೆ. ಎರಡು ಸುರುಳಿಯ ಹಂಬಕರ್ ಪಿಕಪ್ ಇದ್ರೆ ಬಹಳ ಕಮ್ಮಿ. ಪ್ರೊಸೆಸರ್ ಸೆಲ್ ಮೇಲೆ ಓಡ್ತಿದ್ರೂ ಪಿಕಪ್ ಹಿಡಿಯೋದನ್ನ ಅದು ತಡೆಯಲ್ಲ, ಹಂಗಾಗಿ ನಾನು ಎದ್ದು ಹೋಗಿ ಬೇರೆ ಮೂಲೇಲಿ ಕೂರ್ತೀನಿ, ಗಿಟಾರ್ ತಿರುಗಿಸಿ ಯಾವ ದಿಕ್ಕಿಗೆ ಶಬ್ದ ಕಮ್ಮಿ ಅಂತ ನೋಡ್ತೀನಿ, ಅರ್ಧ ಕೆಲಸ ಅಲ್ಲೇ ಆಗುತ್ತೆ. ಉಳಿದಿದ್ದಕ್ಕೆ ನಾಯ್ಸ್ ಗೇಟ್, ಅಂದ್ರೆ ಶಬ್ದ ಒಂದು ಮಟ್ಟಕ್ಕಿಂತ ಕಮ್ಮಿ ಆದ್ರೆ ಪೂರ್ತಿ ಮುಚ್ಚಿಬಿಡೋ ಎಫೆಕ್ಟು. ಆದ್ರೆ ಬಾಸ್‌ಗೆ ಗೇಟ್ ಜಾಸ್ತಿ ಏರಿಸಿದ್ರೆ ಉದ್ದ ಸ್ವರದ ಬಾಲ ಕಟ್ ಆಗುತ್ತೆ, ಸ್ವರ ಎಲ್ಲಿ ನಿಲ್ಸಿದ್ವಿ ಅನ್ನೋದೇ ಬಾಸಲ್ಲಿ ಅರ್ಧ ವಿದ್ಯೆ, ಅದನ್ನ ಗೇಟ್ ಮುಚ್ಚಿಹಾಕ್ಬಾರದು. ನಾನು ಬಾಸಿಗೆ ಗೇಟ್ ಹಾಕೋದೇ ಇಲ್ಲ.

ಇಯರ್‌ಫೋನಿನದು ಸ್ವಲ್ಪ ಜಾಸ್ತಿ ಹೇಳ್ಬೇಕು. ಇದ್ರಲ್ಲಿ ಔಟ್‌ಪುಟ್ಟೂ ಹೆಡ್‌ಫೋನೂ ಒಂದೇ ದೊಡ್ಡ ಕಿಂಡಿ, ಹಂಗಾಗಿ ದೊಡ್ಡದ್ರಿಂದ ಸಣ್ಣದಕ್ಕೆ ಒಂದು ಕನ್ವರ್ಟರ್ ಪಿನ್ ಬೇಕು, ಅಂಗಡೀಲಿ ಕೇಳುವಾಗ ಸ್ಟೀರಿಯೋ ಪಿನ್ ಅಂತ್ಲೇ ಕೇಳಿ, ಪಿನ್ ಮೇಲೆ ಎರಡು ಕಪ್ಪು ಗೆರೆ ಇರ್ಬೇಕು, ಒಂದೇ ಇದ್ರೆ ಒಂದು ಕಿವಿಗೆ ಮಾತ್ರ ಬರುತ್ತೆ. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ. ಅದ್ರಲ್ಲಿ ಶಬ್ದ ನೂರು ಮಿಲಿಸೆಕೆಂಡಿಗಿಂತ ಜಾಸ್ತಿ ತಡ ಆಗೋದು ಮಾಮೂಲು. 120 ಬಿಪಿಎಂ, ಅಂದ್ರೆ ನಿಮಿಷಕ್ಕೆ 120 ಮಾತ್ರೆಯ ಹಾಡಲ್ಲಿ ಒಂದು ಮಾತ್ರೆ 500 ಮಿಲಿಸೆಕೆಂಡು, ಅದ್ರ ಕಾಲು ಭಾಗ 125, ಅಂದ್ರೆ ಮೀಟಿದ್ದು ಕಾಲು ಮಾತ್ರೆ ಆದ್ಮೇಲೆ ಕಿವಿಗೆ ಬಿದ್ದ ಹಾಗಾಯ್ತು, ತಾಳ ಹಿಡಿಯೋದು ಹೇಗೆ? ವೈರ್ ಇರೋದೇ ತಗೊಳಿ, ಕಿವಿ ಪೂರ್ತಿ ಮುಚ್ಚೋ ತರದ್ದು ಇದ್ರೆ ಇನ್ನೂ ಒಳ್ಳೇದು. ಗಿಟಾರಿನ ದಪ್ಪ ತಂತಿ 82 ಹರ್ಟ್ಜ್, ಬಾಸಿನ ದಪ್ಪ ತಂತಿ ಅದ್ರ ಅರ್ಧ, 41. ಮೊಬೈಲ್ ಜೊತೆ ಬರೋ ಸಣ್ಣ ಇಯರ್‌ಫೋನು ಕಿವೀಲಿ ಸರಿಯಾಗಿ ಕೂರ್ಲಿಲ್ಲ ಅಂದ್ರೆ ಆ 41 ಸೋರಿಹೋಗಿ ಬರೀ ಟಕಟಕ ಕೇಳುತ್ತೆ, ಆಗ ಬೆರಳು ತಾನಾಗೇ ಜೋರಾಗಿ ಮೀಟಕ್ಕೆ ಶುರು ಮಾಡುತ್ತೆ, ಆ ಚಟ ಆಮೇಲೆ ಸ್ಟೇಜಲ್ಲಿ ಬಿಡಲ್ಲ.

ಹಾಗೇ ಹೆಂಚಿನ ಮೇಲೆ, ಅಂಗಳಕ್ಕೆ ಹಾಕಿದ ತಗಡಿನ ಮೇಲೆ ಮಳೆ ಹೊಡೀತಾ ಇದ್ರೆ ಗೊತ್ತಿಲ್ದೇನೇ ವಾಲ್ಯೂಂ ಏರಿಸ್ತಾ ಹೋಗ್ತೀವಿ. ವಿಶ್ವ ಆರೋಗ್ಯ ಸಂಸ್ಥೆ 80 ಡೆಸಿಬೆಲ್ ಆದ್ರೆ ವಾರಕ್ಕೆ 40 ಗಂಟೆ ಅಂತ ಮಿತಿ ಹೇಳಿದೆ, ಶಬ್ದ ಏರಿದ ಹಾಗೆ ಆ ಗಂಟೆ ಬೇಗ ಬೇಗ ಇಳಿಯುತ್ತೆ. ಜೋರು ಮಳೆ ಬಂದಾಗ ನಾನು ವಾಲ್ಯೂಂ ಮುಟ್ಟಲ್ಲ, ಬೆರಳಿನ ಕಸರತ್ತು ಮಾಡ್ತೀನಿ, ಮಳೆ ಇಳಿದ ಮೇಲೆ ಕಿವಿಯ ಕೆಲಸ. ಸಂಗೀತ ಮಾಡೋರಿಗೆ ಕಿವಿಗಿಂತ ದೊಡ್ಡ ಆಸ್ತಿ ಇಲ್ಲ.

ಈಗ ಸೆಟ್ಟಿಂಗು. ಒಂದೇ ಸಲಕ್ಕೆ ಐದು ಎಫೆಕ್ಟ್ ಇಡಬಹುದು. ಪೆಟ್ಟಿಗೆ ಜೊತೆ ಬರೋ ಪ್ಯಾಚ್‌ಗಳು (ಮೊದ್ಲೇ ಜೋಡಿಸಿಟ್ಟ ಎಫೆಕ್ಟ್ ಗುಂಪುಗಳು) ಅಂಗಡೀಲಿ ತೋರ್ಸೋಕೆ ಚೆನ್ನ, ರಿವರ್ಬು ಡಿಲೇ ಅಂತ ಮಾರ್ದನಿ ಸುರಿದಿರ್ತಾರೆ, ತಪ್ಪು ನುಡಿಸಿದ್ರೂ ಚಂದ ಕೇಳುತ್ತೆ. ಪ್ರಾಕ್ಟೀಸಿಗೆ ಅದು ಬೇಡ. ನನ್ನ ಗಿಟಾರ್ ಪ್ಯಾಚಲ್ಲಿ ಇರೋದು ಒಂದು ಕ್ಲೀನ್ ಆಂಪು, ಅದ್ರ ಕ್ಯಾಬಿನೆಟ್ಟು (ಎರಡೂ ನಿಜವಾದ ಆಂಪಿನ, ಅದ್ರ ಸ್ಪೀಕರ್ ಪೆಟ್ಟಿಗೆಯ ಅನುಕರಣೆ), ಕೇಳೋ ಕೇಳ್ದಷ್ಟು ರಿವರ್ಬು, ಅಷ್ಟೆ. ಇಯರ್‌ಫೋನಿಗೆ ಅಥವಾ ಸೌಂಡ್ ಮಿಕ್ಸರ್‌ಗೆ ಹೋಗುವಾಗ ಕ್ಯಾಬಿನೆಟ್ ಆನ್ ಇರ್ಲೇಬೇಕು, ಇಲ್ಲಾಂದ್ರೆ ಡಿಸ್ಟಾರ್ಷನ್ ಹಾಕಿದಾಗ ತಗಡು ಕೆರೆದ ಹಾಗೆ ಕೇಳುತ್ತೆ. ನಿಜವಾದ ಗಿಟಾರ್ ಆಂಪ್‌ಗೆ ಹೋಗುವಾಗ ಆಫ್ ಮಾಡಿ, ಯಾಕಂದ್ರೆ ಅಲ್ಲಿ ಸ್ಪೀಕರ್ರೇ ಆ ಕೆಲಸ ಮಾಡುತ್ತೆ, ಎರಡೆರಡು ಸಲ ಆದ್ರೆ ಕಂಬಳಿ ಹೊದ್ದ ಹಾಗೆ ಮಂದ.

ಬಾಸ್‌ಗೆ ಆಂಪೂ ಬೇಡ, ಕ್ಯಾಬಿನೆಟ್ಟೂ ಬೇಡ. ಗಿಟಾರ್ ಕ್ಯಾಬಿನೆಟ್ಟು ಕೆಳಗಿನ ಸ್ವರಗಳನ್ನ ಕತ್ತರಿಸಿ ಬಿಡುತ್ತೆ, ಬಾಸಿಗೆ ಬೇಕಾಗಿರೋದೇ ಆ ಸ್ವರಗಳು. ಬರೀ ಕಂಪ್ರೆಸರ್ (ಜೋರು, ಮೆಲ್ಲಗೆ ಎರಡನ್ನೂ ಹತ್ರ ತರೋದು) ಒಂದು, ಈಕ್ಯೂ (ಬೇಸ್, ಟ್ರೆಬಲ್ ಹೆಚ್ಚುಕಮ್ಮಿ ಮಾಡೋದು) ಒಂದು. ಕಂಪ್ರೆಸರ್ರೂ ಮೆತ್ತಗೆ ಇರ್ಲಿ. ಜಾಸ್ತಿ ಹಾಕಿದ್ರೆ ಎಲ್ಲಾ ಸ್ವರ ಒಂದೇ ಸಮ ಕೇಳಿ, ತೋರುಬೆರಳಿಗಿಂತ ಮಧ್ಯದ ಬೆರಳು ಜೋರಾಗಿ ಹೊಡೀತಿದೆ ಅನ್ನೋದು ಮುಚ್ಚಿಹೋಗುತ್ತೆ. ವಾರಕ್ಕೊಂದು ಸಲನಾದ್ರೂ ಅದನ್ನೂ ಆಫ್ ಮಾಡಿ ಕೇಳ್ಕೊಳ್ಳಿ.

ಪಕ್ಕದ ಮನೆ ಹುಡುಗ ಪಿಯುಸಿ ಓದ್ತಾನೆ, ಹೊಸದಾಗಿ ಗಿಟಾರ್ ತಗೊಂಡು ಬಂದಿದ್ದ, ಪೆಟ್ಟಿಗೆ ನೋಡಿ "ಅಣ್ಣ, ಮೆಟಲ್ ಸೌಂಡ್ ಯಾವ ನಂಬರ್ರಲ್ಲಿದೆ?" ಅಂದ. "ಅದು ಎಲ್ಲೂ ಓಡಿ ಹೋಗಲ್ಲ ಮಾರಾಯ, ಮೊದ್ಲು ಟ್ಯೂನರ್ ಹಾಕು" ಅಂದೆ. ಟ್ಯೂನ್ ಮಾಡಿಸಿ, ಲೂಪರಲ್ಲಿ ಅವನ ನಾಲ್ಕು ಕಾರ್ಡನ್ನೇ (ಒಟ್ಟಿಗೆ ಮೀಟೋ ಸ್ವರಗಳ ಗುಂಪು) ರೆಕಾರ್ಡ್ ಮಾಡಿಸಿ ವಾಪಸ್ ಕೇಳಿಸ್ದೆ. ಮೂರನೇ ಕಾರ್ಡಿಗೆ ಪ್ರತಿ ಸಲ ತಡ. "ಅಣ್ಣ, ನಾನು ಹಂಗೆ ನುಡಿಸಿದ್ನಾ?" ಅಂತ ಕೇಳಿದ, ನಾನು ಏನೂ ಹೇಳ್ಬೇಕಾಗ್ಲಿಲ್ಲ. ನುಡಿಸುವಾಗ ನಮ್ಮ ಗಮನ ಪೂರ್ತಿ ಬೆರಳ ಮೇಲಿರುತ್ತೆ, ಕೇಳುವಾಗಲೇ ತಾಳ ಗೊತ್ತಾಗೋದು. ಈ ಇಡೀ ಪೆಟ್ಟಿಗೇಲಿ ಒಂದೇ ಒಂದು ಉಳಿಸ್ಕೊ ಅಂದ್ರೆ ನಾನು ಲೂಪರ್ ಉಳಿಸ್ಕೊಳ್ತೀನಿ.

ಲೂಪರಲ್ಲಿ ಸಿಗೋದು 30 ಸೆಕೆಂಡು. ಲೆಕ್ಕ ಹಾಕ್ಕೊಂಡ್ರೆ ಸಾಕಾಗುತ್ತೆ. 72 ಬಿಪಿಎಂನಲ್ಲಿ ನಾಲ್ಕು ಮಾತ್ರೆಯ ಎಂಟು ಬಾರ್ ಅಂದ್ರೆ 32 ಮಾತ್ರೆ, 27 ಸೆಕೆಂಡಿಗೆ ಮುಗಿಯುತ್ತೆ, ಹಿಡಿಸುತ್ತೆ. 60ರಲ್ಲಿ 32 ಸೆಕೆಂಡು ಬೇಕು, ಹಿಡಿಸಲ್ಲ, ನಾಲ್ಕು ಬಾರ್ ಮಾಡ್ಕೊಳ್ಳಿ. ನಾನು ಮಾಡೋದು ಹೀಗೆ. ಗಿಟಾರಿಗೂ ಬಾಸಿಗೂ ನಡೆಯೋ ಹಾಗೆ ಒಂದು ಖಾಲಿ ಪ್ಯಾಚ್ ಇಟ್ಕೊಂಡಿದ್ದೀನಿ, ಆಂಪ್ ಇಲ್ಲ, ಮೆತ್ತಗೆ ಕಂಪ್ರೆಸರ್ ಅಷ್ಟೆ. ಒಳಗಿರೋ 68 ರಿದಂನಲ್ಲಿ ಒಂದು ಸರಳವಾದ್ದು ಹಾಕಿ ಗಿಟಾರಲ್ಲಿ ಕಾರ್ಡ್ ನುಡಿಸಿ ಲೂಪ್ ಮಾಡ್ತೀನಿ, ಲೂಪ್ ತಿರುಗ್ತಾ ಇರೋ ಹಾಗೇ ಗಿಟಾರ್ ವಾಲ್ಯೂಂ ಸೊನ್ನೆಗೆ ತಂದು, ಇಯರ್‌ಫೋನ್ ಕಿವಿಯಿಂದ ತೆಗ್ದು, ಪಿನ್ ಎಳ್ದು ಬಾಸಿಗೆ ಹಾಕ್ತೀನಿ. ಈಗ ನನ್ನ ಗಿಟಾರಿಗೇ ನಾನು ಬಾಸ್ ನುಡಿಸ್ಬೇಕು. ಗಿಟಾರಲ್ಲಿ ಎಲ್ಲಿ ಓಡಿದ್ದೀನಿ, ಎಲ್ಲಿ ಜಗ್ಗಿದ್ದೀನಿ ಎಲ್ಲಾ ಬಾಸ್ ಹಿಡಿದ ಕೈಗೆ ಗೊತ್ತಾಗುತ್ತೆ. ಮತ್ತೆ ಉಲ್ಟಾ, ಬಾಸ್ ಲೂಪ್ ಮಾಡಿ ಗಿಟಾರು. ಇದ್ರಷ್ಟು ನನ್ನ ಕೈ ತಿದ್ದಿದ್ದು ಬೇರೆ ಯಾವುದೂ ಇಲ್ಲ.

ಭಾವಗೀತೆಗೆ ಬಂದ್ರೆ ಒಳಗಿನ ರಿದಂ ಎಲ್ಲಾ ಕಡೆ ನಡೆಯಲ್ಲ. ಕೆಹರವಾ ಎಂಟು ಮಾತ್ರೆ, 4/4 ಪ್ಯಾಟರ್ನ್ ಮೇಲೆ ಕೂರುತ್ತೆ. ದಾದ್ರಾ ಆರು, 3/4 ಹಾಕಿ ಹೊಂದಿಸ್ಕೋಬಹುದು, ತೂಕ ಮಾತ್ರ ತಬಲಾದ್ದಲ್ಲ. ರೂಪಕ್ ತಾಳದ ಏಳು ಮಾತ್ರೆ, ಮೂರು ಎರಡು ಎರಡು ಅನ್ನೋ ಆ ನಡೆ ಈ ಡ್ರಮ್ಮಲ್ಲಿ ಸಿಗಲ್ಲ. ಅಲ್ಲಿ ಆಕ್ಸ್ ಇನ್ ಕೈ ಹಿಡಿಯುತ್ತೆ, ಮೊಬೈಲಲ್ಲಿ ತಬಲಾ ತಂಬೂರಿ ಆಪ್ ಹಾಕಿ ಒಂದು ಸಣ್ಣ ಸ್ಟೀರಿಯೋ ವೈರಿಂದ ಸಿಕ್ಸಿದ್ರೆ ತಬಲಾನೂ ನಮ್ಮ ಗಿಟಾರೂ ಒಂದೇ ಇಯರ್‌ಫೋನಲ್ಲಿ ಬರುತ್ತೆ. ಹೊಸ ಮೊಬೈಲಲ್ಲಿ ಇಯರ್‌ಫೋನ್ ಕಿಂಡಿ ಇಲ್ಲಾಂದ್ರೆ ಟೈಪ್ ಸಿ ಕನೆಕ್ಟರ್ ಬೇಕಾಗುತ್ತೆ. ತಂಬೂರಿ ಹಾಕ್ಕೊಂಡು ಬಾಸ್ ನುಡಿಸಿ ನೋಡಿ ಒಂದ್ಸಲ. ಗಾಯಕರು ಕಪ್ಪು ಒಂದು ಅಂದ್ರು ಅಂತಿಟ್ಕೊಳ್ಳಿ, ಅಂದ್ರೆ ಸಿ ಶಾರ್ಪ್, ಷಡ್ಜ ಎ ತಂತಿಯ ನಾಲ್ಕನೇ ಮನೆ, ಕೆಳಗಿನ ಪಂಚಮ ಇ ತಂತಿಯ ನಾಲ್ಕನೇ ಮನೆ, ಎರಡೂ ಎದುರುಬದುರು. ಅಲ್ಲಿ ಒತ್ತಿದ ಬೆರಳು ಸ್ವಲ್ಪ ಎಳೆದ್ರೂ ಸ್ವರ ಮೇಲೆ ಹೋಗಿದ್ದು ತಂಬೂರಿ ಎದುರಿಗೆ ತಕ್ಷಣ ಬಯಲಾಗುತ್ತೆ, ಡ್ರಮ್ ಜೊತೆ ನುಡಿಸುವಾಗ ಅದು ಯಾವತ್ತೂ ಗೊತ್ತಾಗಲ್ಲ. ನನ್ನ ಹತ್ರ ಇರೋ ಈ ಎಕ್ಸ್ ಮಾಡೆಲ್ಲಿಗೆ ಕಾಲಲ್ಲಿ ಒತ್ತೋ ಪೆಡಲ್ ಇದೆ, ಅದನ್ನ ವಾಲ್ಯೂಂಗೆ ಇಟ್ಕೊಂಡು ಮೀಟಿದ ಮೇಲೆ ನಿಧಾನ ಒತ್ತಿದ್ರೆ ಮೀಟಿದ ಟಕ್ ಮಾಯ ಆಗಿ ಪಿಟೀಲಿನ ಹಾಗೆ ಎದ್ದು ಬರುತ್ತೆ, ಹಾಡಿನ ಹಿನ್ನೆಲೆ ಸಂಗೀತ ತುಂಬಕ್ಕೆ ಬಹಳ ಉಪಯೋಗ.

ಕಾರ್ಯಕ್ರಮಕ್ಕೆ ಇದನ್ನೇ ಒಯ್ಯೋರು ಒಂದು ವಿಷ್ಯ ನೆನಪಿಟ್ಕೊಳ್ಳಿ. ಒಂದು ಗಣಪತಿ ಪೆಂಡಾಲಲ್ಲಿ ಸೌಂಡ್ ಸಿಸ್ಟಂನೋರು ಕೊಟ್ಟ ಕೇಬಲ್ ಹಾಕಿದ್ವಿ, ಮೀಟರಲ್ಲಿ ಸಿಗ್ನಲ್ಲೇ ಏಳ್ತಿಲ್ಲ, ಎಷ್ಟೇ ಏರಿಸಿದ್ರೂ ಬರೀ ರಿವರ್ಬಿನ ನೆರಳು ಕೇಳುತ್ತೆ, ಗಿಟಾರ್ ಇಲ್ವೇ ಇಲ್ಲ. ಕೇಬಲ್ ಸ್ಟೀರಿಯೋ ಪಿನ್ನಿಂದು. ಈ ಪೆಟ್ಟಿಗೆ ಒಂದೇ ಕಿಂಡೀಲಿ ಎಡ ಬಲ ಎರಡೂ ಕಳಿಸುತ್ತೆ, ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಪುಟ್ಟು ಒಂದ್ರಿಂದ ಇನ್ನೊಂದನ್ನ ಕಳೆಯುತ್ತೆ, ಎರಡರಲ್ಲೂ ಒಂದೇ ಇದ್ರೆ ಉಳಿಯೋದು ಸೊನ್ನೆ. ಮಾಮೂಲಿ ಮೋನೋ ಗಿಟಾರ್ ಕೇಬಲ್ ಹಾಕಿದ್ವಿ, ಎಲ್ಲಾ ಸರಿಹೋಯ್ತು. ಅವತ್ತಿಂದ ನನ್ನ ಚೀಲದಲ್ಲಿ ನನ್ನದೇ ಎರಡು ಮೋನೋ ಕೇಬಲ್ ಇರುತ್ತೆ.

ಮಲೆನಾಡಲ್ಲಿ ಇಂಥ ಸಾಮಾನು ಇಟ್ಕೊಳ್ಳೋದೂ ಒಂದು ಕೆಲಸ. ಆಗುಂಬೆ ಸುತ್ತಮುತ್ತ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟಿಗೆಲ್ಲಾ ಬೂಷ್ಟು ಬರೋದು ಗೊತ್ತೇ ಇದೆ, ಗಿಟಾರ್ ಚೀಲ, ಪಟ್ಟಿಗೂ ಹಾಗೇ ಬರುತ್ತೆ. ತಂತಿ ತುಕ್ಕು ಹಿಡಿಯುತ್ತೆ, ಮರ ತೇವ ಕುಡಿದು ಉಬ್ಬುತ್ತೆ, ಶ್ರುತಿ ದಿನಾ ಬದಲು. ನುಡಿಸಿ ಆದ್ಮೇಲೆ ಒಣ ಬಟ್ಟೇಲಿ ತಂತಿ ಒರೆಸ್ತೀನಿ, ಪೆಟ್ಟಿಗೆ, ಸೆಲ್ಲು, ಕೇಬಲ್ ಎಲ್ಲಾ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಅಡಿಕೆ ಒಣಗಿಸೋ ಅಟ್ಟದ ಮೇಲೆ ಬೆಚ್ಚಗಿರುತ್ತೆ ಅಂತ ಅಲ್ಲಿ ಇಡ್ಬೇಡಿ, ಹೊಗೆ ಮಸಿ ಕಿಂಡಿ ಒಳಗೆ ಹೋಗುತ್ತೆ. ನಾಬ್ ತಿರುಗಿಸುವಾಗ ಕರಕರ ಅಂದ್ರೆ ಕಾಂಟ್ಯಾಕ್ಟ್ ಕ್ಲೀನರ್ ಒಂಚೂರು ಹೊಡೆದು ಹತ್ತಾರು ಸಲ ತಿರುಗಿಸಿ. ಅಡಿಕೆ ಕೊಯ್ಲಿನ ಟೈಮಲ್ಲಿ ವಾರಗಟ್ಲೆ ಮುಟ್ಟಲ್ಲ ಅಂತಿದ್ರೆ ಸೆಲ್ ತೆಗೆದಿಡಿ, ಒಳಗೇ ಸೋರಿದ್ರೆ ಸ್ಪ್ರಿಂಗ್ ತಿಂದುಹಾಕುತ್ತೆ.

ಬರೀ ಬಾಸ್ ನುಡಿಸೋರಾದ್ರೆ ನನ್ನ ಹಾಗೆ ಗಿಟಾರಿಂದು ತಗೊಳ್ಳೋ ಅಗತ್ಯ ಇಲ್ಲ, ಇದೇ ಗಾತ್ರದಲ್ಲಿ ಬಿ1 ಫೋರ್ ಅಂತ ಬಾಸಿಗೇ ಮಾಡಿದ್ದು ಇದೆ, ಪೆಡಲ್ ಬೇಕಾದ್ರೆ ಬಿ1ಎಕ್ಸ್ ಫೋರ್, ಬಾಸ್ ಆಂಪ್ ಕ್ಯಾಬಿನೆಟ್ ಎಲ್ಲಾ ಅದ್ರಲ್ಲೇ ಸಿಗುತ್ತೆ. ಬೇರೆ ಕಂಪನಿಯದು ನೋಡ್ತಿದ್ರೆ ಅಂಗಡೀಲಿ ಸೌಂಡ್ ಕೇಳೋ ಮೊದ್ಲು ಹಿಂಬದಿ ತಿರುಗಿಸಿ ನೋಡಿ, ಸೆಲ್ ಹಾಕಕ್ಕೆ ಜಾಗ ಇದ್ಯಾ, ಆಕ್ಸ್ ಇನ್ ಇದ್ಯಾ ಅಂತ. ಬಹಳಷ್ಟು ಸಣ್ಣ ಪ್ರೊಸೆಸರ್‌ಗಳು 9 ವೋಲ್ಟ್ ಅಡಾಪ್ಟರ್ ಇಲ್ದೆ ಆನ್ ಆಗೋದೇ ಇಲ್ಲ.