ಮೂಲೆ ಬಾಯಿ ಬಿಡದ ಬಾಗಿಲುಪಟ್ಟಿ

ಬಾಗಿಲ ಚೌಕಟ್ಟಿನ ಸುತ್ತ ಅಂಟಿಲ್ಲದೆ ಕೂಡಿಸಿದ ಕೆತ್ತನೆಯ ಪಟ್ಟಿ ಒಂದು ಬೇಸಿಗೆಯನ್ನೂ ದಾಟುವುದಿಲ್ಲ ಎಂದು ಕಲಬುರಗಿಯ ಬಡಗಿ ಬಳಗದ ಹಿರಿಯರೆಲ್ಲ ನಕ್ಕಿದ್ದರು. ಆಳಂದ ಕಡೆಯ ಹಳೆಯ ವಾಡೆಯೊಂದರ (ದೊಡ್ಡ ಮನೆಯ) ತಲೆಬಾಗಿಲಿಗೆ ನಾನು ಕೂಡಿಸಿದ ಸಾಗವಾನಿ ಪಟ್ಟಿ ಈಗ ಮೂರನೆಯ ಬೇಸಿಗೆ ಕಂಡಿದೆ. ಮೂಲೆಯಲ್ಲಿ ಉಗುರು ತೂರುವಷ್ಟೂ ಸಂದಿಲ್ಲ. ನಕ್ಕವರಲ್ಲಿ ಇಬ್ಬರು ಹೋಗಿ ನೋಡಿಬಂದು, ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ.

ನಮ್ಮ ಕಡೆಯ ರೋಗ ನಿಮಗೆ ಗೊತ್ತೇ ಇದೆ. ಮೇ ತಿಂಗಳಲ್ಲಿ 42–43 ಡಿಗ್ರಿ ಒಣ ಬಿಸಿಲು. ಮೃಗಶಿರಾ ಮಳೆ ಬಿದ್ದರೆ ಕಲ್ಲುಮಣ್ಣಿನ ಗೋಡೆಯಿಂದ ಪಟ್ಟಿಯ ಬೆನ್ನಿಗೆ ತೇವ. ಬಿಸಿಲಿಗೆ ನಾಲ್ಕಿಂಚಿನ ಪಟ್ಟಿ ಅಗಲದಲ್ಲಿ ಒಂದೂವರೆ ಮಿಲಿಮೀಟರಿನಷ್ಟು ಕುಗ್ಗುತ್ತದೆ, ತೇವಕ್ಕೆ ಮತ್ತೆ ಹಿಗ್ಗುತ್ತದೆ, ಉದ್ದದಲ್ಲಿ ಕದಲುವುದಿಲ್ಲ. ಎರಡು ಪಟ್ಟಿಗಳ ತುದಿಯನ್ನು ಓರೆಯಾಗಿ ಕತ್ತರಿಸಿ ಮೂಲೆಯಲ್ಲಿ ಜೋಡಿಸುವ ಓರೆ ಕೂಡಿನ ಒಳಮೂಲೆ ತೆರೆದುಕೊಳ್ಳುವುದು ಅದಕ್ಕೇ.

ಇದೇ ಬಾಗಿಲಿಗೆ ಮೊದಲು ಅಂಟು, ಮೊಳೆ ಎರಡನ್ನೂ ಬಿಗಿಯಾಗಿ ಹಾಕಿದ್ದೆ. ಮೂಲೆಯೇನೋ ನಿಂತಿತು, ಬಳ್ಳಿಯ ಕೆತ್ತನೆಯ ನಡುವೆ ಹಲಗೆ ಸೀಳಿತು. ಮರದ ಹುಡಿಗೆ ಅಂಟು ಕಲಸಿ ತುಂಬಿದ್ದು ಮಳೆಗಾಲದಲ್ಲಿ ಚಕ್ಕೆ ಚಕ್ಕೆಯಾಗಿ ಉದುರಿತು. ಭಟ್ಟಿಯಲ್ಲಿ ಒಣಗಿಸಿದ ಹೊಸ ಮರವನ್ನು ದುಬಾರಿ ಕೊಟ್ಟು ತಂದರೆ, ಅದು ಶ್ರಾವಣದಲ್ಲಿ ಉಬ್ಬಿ ಹೊರಮೂಲೆಯನ್ನು ತೆರೆಯಿತು. ಕೆತ್ತಿದ ಪಟ್ಟಿಗಳು ಮೂಲೆಗುಂಪಾದವು; ಮರ, ಕೂಲಿ ಸೇರಿ 18–20 ಸಾವಿರ ಹೋಯಿತು. ವಾಡೆಯವರು ಉಳಿದ ಹಣವನ್ನು ತಡೆಹಿಡಿದರು. ಅವರನ್ನು ದೂರುವುದಿಲ್ಲ.

ಆಮೇಲೆ ಓರೆ ಕೂಡನ್ನೇ ಬಿಟ್ಟುಬಿಟ್ಟೆ. ಮೂಲೆಗೆ ಪಟ್ಟಿಗಿಂತ ಅರ್ಧ ಇಂಚು ದಪ್ಪ, ಅಗಲದಲ್ಲೂ ತುಸು ಹೆಚ್ಚಿನ ಚೌಕ ಹಲಗೆ. ಅದರ ಮೇಲೆ ಕಮಲ. ಪಟ್ಟಿಯ ತುದಿಗೆ ನಾಲಿಗೆ ತೆಗೆದು ಕಮಲದ ಹಲಗೆಯ ಕಚ್ಚಿನೊಳಗೆ ಸಡಿಲವಾಗಿ ಕೂರಿಸಿದೆ. ಪಟ್ಟಿ ಕುಗ್ಗಲಿ, ಹಿಗ್ಗಲಿ, ಎಲ್ಲವೂ ಒಳಗೇ ನಡೆಯುತ್ತದೆ. ನಾಲ್ಕಿಂಚಿನ ಒಂದೇ ಪಟ್ಟಿಯ ಬದಲು ಒಂದರ ಅಂಚಿನ ಮೇಲೊಂದು ಕೂರುವ ಮೂರು ಕಿರುಪಟ್ಟಿಗಳನ್ನು ಮಾಡಿದೆ. ಪ್ರತಿಯೊಂದಕ್ಕೂ ನಡುಗೆರೆಯಲ್ಲಿ ಮಾತ್ರ ಜಾಲಿಯ ಗೂಟ, ಅದೂ ಚೌಕಟ್ಟಿಗೆ. ಗೋಡೆಗೆ ಒಂದೂ ಇಲ್ಲ. ತುದಿಯಲ್ಲಿ ಕಾಣುವ ಮರದ ಉಂಗುರಗಳು ನೆಟ್ಟಗೆ ನಿಂತ ಹಲಗೆಗಳನ್ನೇ ಆರಿಸಿದೆ, ಉಂಗುರ ಅಡ್ಡಲಾಗಿರುವ ಹಲಗೆಗಿಂತ ಅವು ಅಗಲದಲ್ಲಿ ಸುಮಾರು ಅರ್ಧದಷ್ಟೇ ಕುಗ್ಗುತ್ತವೆ. ಕಚ್ಚಿನಲ್ಲಿ ಎಷ್ಟು ಸಡಿಲ ಬಿಡಬೇಕು ಎಂಬ ಲೆಕ್ಕವನ್ನು ಇಲ್ಲಿ ಬರೆಯುವುದಿಲ್ಲ; ಅದು ನನ್ನ ಅನ್ನ.

ಮರ ಹಳೆಯದೇ, ಕೆಡವಿದ ವಾಡೆಯ ತೊಲೆಗಳು. ಘನ ಅಡಿಗೆ 3,000 ರೂಪಾಯಿಯ ಆಸುಪಾಸು ಕೊಟ್ಟ ನೆನಪು. ಒಳಗೆ ಅಡಗಿದ ಕಬ್ಬಿಣದ ಮೊಳೆಗಳು ಯಂತ್ರದ ಅಲಗುಗಳನ್ನು ತಿಂದವು. ಅಯಸ್ಕಾಂತ ಎಳೆದು ನೋಡಿದರೂ ಆಳದಲ್ಲಿದ್ದವು ಸಿಗುವುದಿಲ್ಲ. ಅಲಗಿನ ಖರ್ಚನ್ನು ಮರದ ಬೆಲೆಗೇ ಸೇರಿಸಿಕೊಳ್ಳಿ.

ಬೆನ್ನಿಗೂ ಎಣ್ಣೆ ಹಚ್ಚಲೇಬೇಕು, ಇಲ್ಲದಿದ್ದರೆ ಪಟ್ಟಿ ದೋಣಿಯಂತೆ ಬಾಗುತ್ತದೆ. ಎಲ್ಲರೂ ಹಚ್ಚುವುದು ಅಗಸೆ ಎಣ್ಣೆ. ಗಾಣದಲ್ಲಿ ಕುಸುಬೆ ಎಣ್ಣೆ ಅಗ್ಗಕ್ಕೆ ಸಿಕ್ಕಾಗ ಅದನ್ನೂ ಒಂದು ತುಂಡಿಗೆ ಹಚ್ಚಿ ನೋಡಿದೆ. ಒಣಗಲು ವಾರಗಟ್ಟಲೆ ಹಿಡಿಯಿತು, ಇರುವೆಯೂ ಬಂತು. ಆದರೆ ಅಗಸೆಯಷ್ಟು ಹಳದಿಗೆ ತಿರುಗಲಿಲ್ಲ. ಕಮಲಗಳಿಗೆ ಮಾತ್ರ ಅದನ್ನೇ ಉಳಿಸಿಕೊಂಡೆ, ಜೊತೆಗೆ ಇನ್ನೊಂದನ್ನು ಬೆರೆಸಿ. ಯಾವುದು ಎಂದು ಕೇಳಬೇಡಿ. ಅಗಸೆ ಎಣ್ಣೆಯ ಬಟ್ಟೆಯನ್ನು ಉಂಡೆ ಮಾಡಿ ಎಸೆಯಬೇಡಿ, ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಬಿಡಿಸಿ ಒಣಹಾಕಿ.

ಈ ನಡುವೆ ಬೀದರ್ ಕೋಟೆಯ ರಂಗೀನ್ ಮಹಲಿಗೂ ಹೋಗಿಬಂದೆ. ಅಲ್ಲಿನ ಮರದ ಕಂಬಗಳ ಕೆತ್ತನೆ ನೋಡಿದರೆ ನಮ್ಮ ಯಂತ್ರದ ಬಳ್ಳಿಗಳು ಅಚ್ಚೊತ್ತಿದಂತೆ ಕಾಣುತ್ತವೆ. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದನ್ನು ಕಂಡು, ಬೇವಿನ ಹಲಗೆಯಲ್ಲಿ ಅದನ್ನು ಮಾಡಹೊರಟೆ. ಬೇವಿನ ಎಳೆ ಅತ್ತಿತ್ತ ಹೆಣೆದುಕೊಂಡಿರುತ್ತದೆ; ಉಳಿ ಇಟ್ಟಲ್ಲೆಲ್ಲ ಅಂಚು ಕಿತ್ತು ಬಂತು. ಸಾಗವಾನಿಯಲ್ಲಿ ಬಂದೀತು, ಚಿಪ್ಪು ತರಿಸುವ ಖರ್ಚು ಹೊರುವವರು ಬೇಕು.

ಆಳಂದದ ಆ ಬಾಗಿಲಿಗೆ ಒಟ್ಟು 60 ಸಾವಿರದ ಹತ್ತಿರ ಬಿತ್ತು, ಕೈಗೆ ಉಳಿದದ್ದು 10–12 ಸಾವಿರ. ತಡೆಹಿಡಿದ ಹಣವೂ ಎರಡನೆಯ ಮಳೆಗಾಲ ಮುಗಿದ ಮೇಲೆ ಬಂತು. ಈಗ ಸೇಡಂ ಕಡೆಯವರೊಬ್ಬರು ಅವರ ಕಿಟಕಿಗಳಿಗೂ ಕಮಲದ ಮೂಲೆ ಬೇಕೆನ್ನುತ್ತಿದ್ದಾರೆ. ಅಡಿಗೆ 900 ಕೇಳಿದ್ದೇನೆ, ಅವರು 600ಕ್ಕೆ ನಿಂತಿದ್ದಾರೆ.