ವೃತ್ತಿ ಪರಿಷತ್ತಿನ ವಿನಿಯಮಕ್ಕೆ ಸರ್ಕಾರದ ಅನುಮೋದನೆ: ನಾವು ಕಡತ ಕಟ್ಟುವ ರೀತಿ

ವೈದ್ಯರು, ವಕೀಲರು, ಲೆಕ್ಕಪರಿಶೋಧಕರಂಥ ವೃತ್ತಿಗಳನ್ನು ನೋಡಿಕೊಳ್ಳುವ ಪರಿಷತ್ತು ಸಭೆಯಲ್ಲಿ ಠರಾವು ಮಾಡಿದ ಮಾತ್ರಕ್ಕೆ ವಿನಿಯಮ (ಕಾಯ್ದೆಯ ಅಡಿಯಲ್ಲಿ ಮಾಡುವ ರೆಗ್ಯುಲೇಷನ್) ಜಾರಿಗೆ ಬರುವುದಿಲ್ಲ. ಕರಡು ಬರೆಯುವ ಮೊದಲೇ ಮೂಲ ಕಾಯ್ದೆಯಲ್ಲಿ ಅಧಿಕಾರ ಕೊಟ್ಟಿರುವ ಕಲಮನ್ನು ತೆರೆದಿಟ್ಟುಕೊಳ್ಳುತ್ತೇನೆ. ಷರತ್ತು ಕಾಯ್ದೆಯಿಂದ ಕಾಯ್ದೆಗೆ ಬೇರೆ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ 30(3)ನೇ ಕಲಂ ಪೂರ್ವ ಪ್ರಕಟಣೆಯನ್ನೂ (ಆಕ್ಷೇಪಣೆ ಕೇಳಲು ಕರಡನ್ನು ಮೊದಲೇ ಪ್ರಕಟಿಸುವುದು) ಕೇಂದ್ರದ ಅನುಮೋದನೆಯನ್ನೂ ಕೇಳುತ್ತದೆ. 1956ರ ವೈದ್ಯಕೀಯ ಪರಿಷತ್ತು ಕಾಯ್ದೆಯಲ್ಲಿ ಕೇಂದ್ರದ ಪೂರ್ವ ಮಂಜೂರಾತಿ ಬೇಕಿತ್ತು. ಅದರ ಜಾಗಕ್ಕೆ ಬಂದ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ ಸಾರ್ವಜನಿಕ ಸಮಾಲೋಚನೆ ಎನ್ನುತ್ತದೆ. ಹಳೇ ಕಡತದ ನಕಲು ಮಾಡುವವರು ಎಡವುವುದು ಇಲ್ಲೇ.

ಕರಡಿನ ಪ್ರತಿ ವಾಕ್ಯದ ಪಕ್ಕ ಅದಕ್ಕೆ ಆಧಾರವಾದ ಉಪಕಲಮಿನ ಸಂಖ್ಯೆ ಬರೆಯುತ್ತೇನೆ. ಸಂಖ್ಯೆ ಸಿಗದ ವಾಕ್ಯವನ್ನು, ಎಷ್ಟೇ ಒಳ್ಳೆಯದಿದ್ದರೂ, ತೆಗೆಯಬೇಕು. ವಕೀಲರ ನೋಂದಣಿಗೆ ಮುಂಚಿನ ತರಬೇತಿ ಕುರಿತ ಭಾರತೀಯ ವಕೀಲರ ಪರಿಷತ್ತಿನ 1995ರ ನಿಯಮಗಳನ್ನು ಸುಪ್ರೀಂ ಕೋರ್ಟ್ 1999ರಲ್ಲಿ ರದ್ದು ಮಾಡಿದ್ದು ಅಧಿಕಾರವಿಲ್ಲ ಎಂಬ ಕಾರಣಕ್ಕೇ. ಆ ತೀರ್ಪು ಸರಿಯಲ್ಲವೆಂದು ಅದೇ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದು 2023ರಲ್ಲಿ. ಅಷ್ಟು ವರ್ಷ ಕಾಯುವ ಶಕ್ತಿ ಯಾವ ಪರಿಷತ್ತಿಗಿದೆ?

ಪೂರ್ವ ಪ್ರಕಟಣೆಗೆ 1897ರ ಸಾಮಾನ್ಯ ಖಂಡಗಳ ಅಧಿನಿಯಮದ (ಜನರಲ್ ಕ್ಲಾಸಸ್ ಆ್ಯಕ್ಟ್) 23ನೇ ಕಲಮೇ ದಾರಿ. ಕರಡಿನ ಜೊತೆ ನೋಟಿಸು ಇರಬೇಕು. ಯಾವ ದಿನಾಂಕದಂದು ಅಥವಾ ನಂತರ ಕರಡನ್ನು ಪರಿಗಣಿಸುತ್ತೇವೆಂದು ಅದರಲ್ಲಿ ಹೇಳಬೇಕು. ಇಷ್ಟೇ ದಿನ ಕೊಡಿ ಎಂದು ಆ ಕಲಂ ಹೇಳಿಲ್ಲ. ಮೂಲ ಕಾಯ್ದೆ ಬೇರೆ ಹೇಳದಿದ್ದರೆ ನಾವು 30 ದಿನಕ್ಕಿಂತ ಕಡಿಮೆ ಇಡುವುದಿಲ್ಲ, ಲೆಕ್ಕವನ್ನು ರಾಜ್ಯಪತ್ರ (ಸರ್ಕಾರಿ ಗೆಜೆಟ್) ಜನರ ಕೈಗೆ ಸಿಕ್ಕ ದಿನದಿಂದ ಹಿಡಿಯುತ್ತೇವೆ.

ಕಡತದ ಜೀವಾಳ ಆಕ್ಷೇಪಣೆಗಳ ತಖ್ತೆ (ಪಟ್ಟಿ). 23(4)ರ ಪ್ರಕಾರ ವಿನಿಯಮ ಮಾಡುವವರಷ್ಟೇ ಅಲ್ಲ, ಅನುಮೋದಿಸುವವರೂ ಆಕ್ಷೇಪಣೆಗಳನ್ನು ಪರಿಗಣಿಸಬೇಕು. ಆದ್ದರಿಂದ ಸಾರಾಂಶ ಕಳಿಸಿ ಕೈತೊಳೆದುಕೊಳ್ಳಬಾರದು. ಮೂಲ ಪತ್ರಗಳ ಪ್ರತಿಯೂ ಸಚಿವಾಲಯಕ್ಕೆ ಹೋಗಬೇಕು. ಅಂಕಣ ನಾಲ್ಕು: ಕರಡಿನ ಕಲಂ, ಆಕ್ಷೇಪಣೆ, ಪರಿಷತ್ತಿನ ತೀರ್ಮಾನ, ಕಾರಣ. ‘ಪರಿಶೀಲಿಸಿ ತಿರಸ್ಕರಿಸಲಾಗಿದೆ’ ಎಂಬ ಷರಾ ಕಾರಣವಾಗುವುದಿಲ್ಲ. ಕಡತ ವಾಪಸು ಬರುವುದು ಹೆಚ್ಚಾಗಿ ಇದಕ್ಕೇ. ಬರೆದು ಕಳಿಸಿದ ವೃತ್ತಿನಿರತರಿಗೆ ಉತ್ತರ ಪಡೆಯುವ ಹಕ್ಕಿದೆ ಎಂದೇ ನಾನು ನಂಬಿದ್ದೇನೆ. ಆಕ್ಷೇಪಣೆಗಳಿಂದ ಕರಡಿನ ತಿರುಳೇ ಬದಲಾದರೆ ಮತ್ತೆ ಪ್ರಕಟಿಸುವುದು ಕ್ಷೇಮ. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ವೈದ್ಯರ ವೃತ್ತಿ ನಡತೆಯ ವಿನಿಯಮ ಹೊರಡಿಸಿ, ವೈದ್ಯರಿಂದಲೇ ಆಕ್ಷೇಪಣೆ ಬಂದು ಅದೇ ತಿಂಗಳು ತಡೆಹಿಡಿಯಬೇಕಾಯಿತು.

ಸಚಿವಾಲಯ ಮಾತು ತಿದ್ದಿ ಕಳಿಸಿದರೆ ಹಾಗೇ ಮುದ್ರಣಕ್ಕೆ ಕೊಡಬೇಡಿ. ವಿನಿಯಮ ಮಾಡುವುದು ಪರಿಷತ್ತು, ಅನುಮೋದಿಸುವುದು ಸರ್ಕಾರ. ತಿದ್ದಿದ ಪಾಠ ಮತ್ತೆ ಪರಿಷತ್ತಿನ ಸಭೆಗೆ ಬಂದು ಠರಾವಾಗಬೇಕು. ಅನುಮೋದನೆ ಪತ್ರದ ಪಾಠಕ್ಕೂ ಠರಾವಿನ ಪಾಠಕ್ಕೂ ಅಲ್ಪವಿರಾಮದ ವ್ಯತ್ಯಾಸವೂ ಇರಬಾರದು.

ಕೇಂದ್ರದ ಪರಿಷತ್ತಾದರೆ ಪ್ರಕಟಣೆ ಭಾರತ ರಾಜ್ಯಪತ್ರದ ಭಾಗ 3, ಖಂಡ 4ರಲ್ಲಿ, ಹಿಂದಿ ಮತ್ತು ಇಂಗ್ಲಿಷ್ ಎರಡರಲ್ಲೂ. ಪೀಠಿಕೆಯಲ್ಲಿ ಅಧಿಕಾರದ ಕಲಂ, ಕರಡು ಪ್ರಕಟವಾದ ಅಧಿಸೂಚನೆಯ ಸಂಖ್ಯೆ, ಆಕ್ಷೇಪಣೆ ಪರಿಗಣಿಸಿದ ಮಾತು, ಸರ್ಕಾರದ ಅನುಮೋದನೆ ನಾಲ್ಕೂ ಬರಬೇಕು. ತಿದ್ದುಪಡಿಯಾದರೆ ಮೂಲ ವಿನಿಯಮ ಯಾವಾಗ ಪ್ರಕಟವಾಯಿತು, ಕೊನೆಗೆ ಯಾವಾಗ ತಿದ್ದುಪಡಿಯಾಯಿತು ಎಂಬ ಅಡಿಟಿಪ್ಪಣಿ ಮರೆಯಬೇಡಿ. ಪೂರ್ವಾನ್ವಯ ಜಾರಿಯನ್ನು (ಹಿಂದಿನ ದಿನಾಂಕದಿಂದಲೇ ಜಾರಿ ಮಾಡುವುದನ್ನು), ಕಾಯ್ದೆ ಸ್ಪಷ್ಟವಾಗಿ ಒಪ್ಪದಿದ್ದರೆ, ಮುಟ್ಟಲೇಬೇಡಿ.

ನಂತರ ಸಂಸತ್ತಿನ ಎರಡೂ ಸದನಗಳ ಮುಂದೆ ಒಟ್ಟು 30 ದಿನ ಮಂಡನೆ. ಸದನಗಳು ಬದಲಿಸಲು ಅಥವಾ ರದ್ದು ಮಾಡಲು ಒಪ್ಪಿದರೂ ಅದುವರೆಗೆ ವಿನಿಯಮದಡಿ ನಡೆದ ಕೆಲಸ ಊರ್ಜಿತವಾಗಿಯೇ ಇರುತ್ತದೆ. ಹಾಗಾಗಿ ಮಂಡನೆ ಮುಗಿಯಲೆಂದು ನೋಂದಣಿ, ಪರೀಕ್ಷೆ ನಿಲ್ಲಿಸಬೇಕಿಲ್ಲ.