ಸಂದರ್ಶನದಲ್ಲಿ ಗರ್ಭಧಾರಣೆಯ ವಿಷಯ: ಯಾವಾಗ ಹೇಳಬೇಕು, ಹೇಗೆ ಹೇಳಬೇಕು

ಕೆಲಸ ಹುಡುಕುತ್ತಿರುವಾಗಲೇ ತಾನು ಗರ್ಭಿಣಿಯೆಂದು ತಿಳಿದ ಹೆಣ್ಣುಮಗಳನ್ನು ಮೊದಲು ಕಾಡುವುದು, ಹೇಳದೆ ಉಳಿದರೆ ಮೋಸ ಮಾಡಿದಂತಾಗುತ್ತದೆಯೇ ಎಂಬ ಅಳುಕು. ಆ ಅಳುಕಿಗೆ ಆಧಾರವಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2000ದಲ್ಲಿ ಅಂಗೀಕರಿಸಿದ 183ನೇ ಒಡಂಬಡಿಕೆಯು, ತಾಯಿಗೆ ಅಥವಾ ಮಗುವಿಗೆ ಅಪಾಯವಿರುವಂಥ ಕೆಲವು ಕೆಲಸಗಳನ್ನು ಬಿಟ್ಟರೆ, ಕೆಲಸ ಕೇಳಿ ಬಂದವಳಿಂದ ಗರ್ಭಪರೀಕ್ಷೆಯ ವರದಿ ಕೇಳಕೂಡದೆಂದು ಹೇಳುತ್ತದೆ. 2001ರಲ್ಲಿ ಐರೋಪ್ಯ ನ್ಯಾಯಾಲಯವು, ಆರು ತಿಂಗಳ ಗುತ್ತಿಗೆಗೆ ಸೇರುವಾಗ ಗರ್ಭಿಣಿಯೆಂದು ತಿಳಿಸದಿದ್ದ ಮಹಿಳೆಯನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವುದು ತಾರತಮ್ಯವೆಂದೇ ತೀರ್ಪಿತ್ತಿತು. ಆದರೂ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ ನಿಮ್ಮಲ್ಲಿನ ನಿಯಮವನ್ನು ಮೊದಲೇ ಓದಿಕೊಂಡಿರಿ.

ನನ್ನ ಸಲಹೆಯೆಂದರೆ, ನೇಮಕಾತಿ ಪತ್ರ ಕೈಸೇರುವವರೆಗೆ ಈ ಮಾತನ್ನು ನೀವಾಗಿ ಎತ್ತಬೇಡಿ, ಪತ್ರ ಬಂದ ಮೇಲೆ ಕೆಲಸಕ್ಕೆ ಸೇರುವ ದಿನದವರೆಗೂ ಮುಚ್ಚಿಡಬೇಡಿ. ಮೊದಲೇ ಹೇಳಿದರೆ, ಆಮೇಲೆ ಬಂದ ನಿರಾಕರಣೆಗೆ ನಿಜವಾದ ಕಾರಣ ಯಾವುದೆಂದು ತಿಳಿಯುವ ದಾರಿಯೇ ಇರುವುದಿಲ್ಲ. ತೀರಾ ತಡಮಾಡಿದರೆ, ಮುಂದೆ ದಿನವೂ ಜೊತೆಗೆ ದುಡಿಯಬೇಕಾದವರಿಗೆ ಕೆಲಸ ಹಂಚಿಕೊಳ್ಳಲು ಸಮಯ ಸಿಗುವುದಿಲ್ಲ. ವಿಕಿರಣ, ವಿಷಕಾರಿ ರಾಸಾಯನಿಕ ಅಥವಾ ಭಾರ ಎತ್ತುವ ಕೆಲಸವಾದರೆ ಈ ಲೆಕ್ಕ ಬದಲಾಗುತ್ತದೆ. ಅಲ್ಲಿ ಮಗುವಿನ ಸುರಕ್ಷತೆಗಾಗಿ ಬೇಗ ಹೇಳುವುದೇ ಸರಿ.

ಹೊಟ್ಟೆ ಕಾಣುವಷ್ಟು ದಿನ ತುಂಬಿದ್ದರೆ, ಎದುರಿಗಿದ್ದವರು ಮನಸ್ಸಿನಲ್ಲೇ ಎಣಿಕೆ ಹಾಕುತ್ತ ಕೂರುವ ಬದಲು ನೀವೇ ಸಂದರ್ಶನದ ಕೊನೆಯಲ್ಲಿ ಎರಡು ವಾಕ್ಯಗಳಲ್ಲಿ ಹೇಳಿಬಿಡಿ: "ನನಗೆ ಇಂಥ ತಿಂಗಳಲ್ಲಿ ಹೆರಿಗೆಯಾಗಲಿದೆ. ಅದಕ್ಕೆ ಮೊದಲು ಮುಗಿಸಬಹುದಾದ ಕೆಲಸವನ್ನೂ ರಜೆಯ ಅವಧಿಯ ವ್ಯವಸ್ಥೆಯನ್ನೂ ಯೋಚಿಸಿಯೇ ಬಂದಿದ್ದೇನೆ." ಕ್ಷಮೆ ಕೇಳುವ ದನಿ ಬೇಡ, ವೈದ್ಯಕೀಯ ವಿವರವೂ ಬೇಡ.

"ಮಕ್ಕಳ ಯೋಚನೆ ಇದೆಯೇ?" ಎಂದು ಅವರೇ ಕೇಳಿದರೆ ಸುಳ್ಳು ಹೇಳದೆಯೇ ಮಾತು ತಿರುಗಿಸಬಹುದು. ಆ ಪ್ರಶ್ನೆಯ ಹಿಂದೆ ಸಾಮಾನ್ಯವಾಗಿ ಇರುವುದು, ನೀವು ಕೆಲಸದಲ್ಲಿ ನಿಲ್ಲುತ್ತೀರೋ ಇಲ್ಲವೋ ಎಂಬ ಆತಂಕ. ಆದ್ದರಿಂದ "ವೈಯಕ್ತಿಕ ವಿಷಯವನ್ನು ಇಲ್ಲಿ ಚರ್ಚಿಸಲು ಇಷ್ಟವಿಲ್ಲ, ಆದರೆ ಈ ಹುದ್ದೆಯಲ್ಲಿ ಬಹುಕಾಲ ದುಡಿಯುವ ಉದ್ದೇಶದಿಂದಲೇ ಬಂದಿದ್ದೇನೆ" ಎಂದು ಸಮಾಧಾನದಿಂದ ಹೇಳಿ, ಹಿಂದಿನ ಕೆಲಸದ ಒಂದು ಉದಾಹರಣೆಗೆ ಹೊರಳಿಕೊಳ್ಳಿ. ಕೇಳಿದ ಪ್ರಶ್ನೆಯನ್ನು ಅದೇ ದಿನ, ಕೇಳಿದವರ ಹೆಸರಿನೊಂದಿಗೆ ಬರೆದಿಟ್ಟುಕೊಳ್ಳಿ.

ಪತ್ರ ಬಂದ ಕೂಡಲೇ ಸಂಸ್ಥೆಯ ರಜೆಯ ನಿಯಮಾವಳಿಯನ್ನು ಕೇಳಿ ಪಡೆಯಿರಿ. ಸಂಬಳ ಸಹಿತ ಹೆರಿಗೆ ರಜೆಗೆ ಇಷ್ಟು ದಿನ ಸೇವೆ ಸಲ್ಲಿಸಿರಬೇಕೆಂಬ ಷರತ್ತು ಹಲವೆಡೆ ಇರುತ್ತದೆ, ವಿಮೆಗೂ ಕಾಯುವ ಅವಧಿ ಇರಬಹುದು. ಆಮೇಲೆ ನಿಮ್ಮ ಮೇಲಧಿಕಾರಿಯಾಗುವವರಿಗೆ ಬಾಯಿಮಾತಿನಲ್ಲಿ ತಿಳಿಸಿ, ಅದೇ ದಿನ ಇಮೇಲ್‌ನಲ್ಲೂ ಬರೆಯಿರಿ; ಕೊಟ್ಟ ಕೆಲಸವನ್ನು ನಾಳೆ ಹಿಂತೆಗೆದುಕೊಂಡರೆ, ಯಾವುದು ಮೊದಲು ನಡೆಯಿತೆಂದು ತೋರಿಸಲು ಆ ದಿನಾಂಕವೇ ನಿಮಗೆ ಸಾಕ್ಷಿ.